ಕೂದಲೆಳೆಯಷ್ಟು ಎತ್ತರ

ತನ್ನ ಕೈಯಾರೆ ಮಾಡಿ ನಿಲ್ಲಿಸಿದ ಬಾಗಿಲನ್ನು ಒಂದು ದಿನವೂ ಹೊಗಳದ ಬಡಗಿ, ಮಗಳು ತುಂಬಿಸಿದ ಹಲ್ಲನ್ನು ಮಾತ್ರ ಬೀದಿ ಬೀದಿ ಹೊಗಳಿಕೊಂಡು ತಿರುಗಿದ. ಮೂವತ್ತು ವರ್ಷದಿಂದ ಅವನದು ಬಾಗಿಲು ಕೂರಿಸುವ ಕೆಲಸ. ಗಿರಾಕಿ ಬಂದು ಚೆನ್ನಾಗಿದೆ ಅಂದರೆ, "ಒಂದು ಮಳೆಗಾಲ ಕಳೀಲಿ, ಆಮೇಲೆ ಹೇಳಿ" ಅನ್ನುವ ಆಸಾಮಿ. ಅಂಥವನು ಚಹಾದಂಗಡಿಯಲ್ಲಿ, ಮರದ ಡಿಪೋದಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಮುಂದೆ ಕೂಡ ಬಾಯಿ ತೆರೆದು ಬಲಗಡೆಯ ಕೆಳದವಡೆಯನ್ನು ತೋರಿಸುತ್ತಿದ್ದ. "ನೋಡಿ, ಎಲ್ಲಿ ತುಂಬಿಸಿದ್ದು ಅಂತ ಗೊತ್ತಾಗುತ್ತಾ? ನನ್ನ ಮಗಳ ಕೈ." ಗೊತ್ತಾಗುತ್ತಿರಲಿಲ್ಲ, ನಿಜ. ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ, ಬಾಯಿ ಇದ್ದವನಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು.

ಮಗಳು ದಂತವೈದ್ಯೆಯಾಗಿ ಕ್ಲಿನಿಕ್ಕು ತೆರೆದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲು, ಕಪಾಟು, ಕಾಯುವವರ ಬೆಂಚು ಎಲ್ಲ ಅಪ್ಪನದೇ. ಕುರ್ಚಿಗೆ ಹತ್ತಿದ ಮೊದಲ ರೋಗಿಯೂ ಅಪ್ಪನೇ. ದವಡೆ ಹಲ್ಲೊಂದು ಹುಳುಕಾಗಿ ವರ್ಷವಾಗಿತ್ತು, ಮಗಳ ಕೈಯೇ ಬೀಳಲಿ ಅಂತ ಅದನ್ನು ಮೀಸಲಿಟ್ಟುಕೊಂಡಿದ್ದ. ಅವಳು ಸೂಜಿ ಚುಚ್ಚಿ ಅರ್ಧ ಮುಖ ಮರಗಟ್ಟಿಸಿ, ಕೊರೆದು, ತುಂಬಿಸಿ, ಕೊನೆಗೆ ಹಲ್ಲುಗಳ ನಡುವೆ ತೆಳ್ಳನೆಯ ನೀಲಿ ಕಾಗದ ಇಟ್ಟು, "ಕಚ್ಚು ಅಪ್ಪಾ. ಎಲ್ಲಾದ್ರೂ ಎತ್ತರ ಅನ್ನಿಸ್ತಿದ್ಯಾ?" ಎಂದು ಕೇಳಿದಳು.

ಆ ಕಾಗದದ ಕೆಲಸ ಏನೆಂದು ಬಡಗಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲು ಎಲ್ಲಿ ತಾಗುತ್ತದೆ ಅಂತ ನೋಡಲು ಅವನೂ ಚೌಕಟ್ಟಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕುತ್ತಿದ್ದ. ಸುಣ್ಣ ಅಂಟಿಕೊಂಡ ಕಡೆ ಕೀಸುಳಿ ಆಡಿಸಿದರೆ ಕೆಲಸ ಮುಗಿಯಿತು. ಆದರೆ ಅದಕ್ಕೆ ಬಾಗಿಲನ್ನು ದಢಾರಂತ ಹಾಕಬೇಕು. ಮೆಲ್ಲಗೆ ಹಾಕಿದರೆ ಬಾಗಿಲು ಸುಳ್ಳು ಹೇಳುತ್ತದೆ ಅಂತ ನೂರು ಮನೆಯವರಿಗೆ ಪಾಠ ಮಾಡಿದವನು ಆವತ್ತು ತನ್ನ ದವಡೆಯನ್ನು, ಒಳಗೆ ಕೋಳಿಮೊಟ್ಟೆ ಇದೆಯೇನೋ ಅನ್ನುವಷ್ಟು ಮೆಲ್ಲಗೆ ಮುಚ್ಚಿದ. ಮಗಳ ಕೆಲಸದಲ್ಲಿ ಕಲೆ ಬೀಳಬಾರದಲ್ಲ.

"ಏನೂ ಅನ್ನಿಸ್ತಿಲ್ಲ ಮಗಳೇ. ಅಲ್ಲಿ ಹಲ್ಲು ಇದ್ಯೋ ಇಲ್ವೋ ಅಂತ್ಲೇ ಗೊತ್ತಾಗ್ತಿಲ್ಲ" ಎಂದ. ಅರ್ಧ ಮುಖವೇ ಇದೆಯೋ ಇಲ್ಲವೋ ಗೊತ್ತಾಗದ ಹೊತ್ತಿನಲ್ಲಿ ಅದೊಂದು ದೊಡ್ಡ ಸಾಕ್ಷಿಯೇನಲ್ಲ. ಆದರೂ ಮಗಳ ಮುಖ ಅರಳಿತು.

"ನಾಲ್ಕು ದಿನ ಸ್ವಲ್ಪ ಜುಮ್ ಅನ್ನಬಹುದು, ಅದು ಸಹಜ. ಆಮೇಲೂ ನೋವಿದ್ರೆ ಬಂದು ಹೇಳು. ಎರಡು ನಿಮಿಷದ ಕೆಲಸ" ಎಂದಳು.

ನಾಲ್ಕು ದಿನ ಜುಮ್ ಅಂದಿತು. ಐದನೆಯ ದಿನವೂ ಅಂದಿತು. ಹತ್ತನೆಯ ದಿನದ ಹೊತ್ತಿಗೆ ತಣ್ಣೀರು ತಾಗಿದರೆ ಕಿವಿಯವರೆಗೆ ಓಡುತ್ತಿತ್ತು, ಬ್ರೆಡ್ಡಿನ ಗಟ್ಟಿ ಅಂಚು ಸಿಕ್ಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನೋವನ್ನು ಹಲ್ಲು ಕಚ್ಚಿ ಸಹಿಸಬೇಕು ಅನ್ನುತ್ತಾರೆ ತಿಳಿದವರು. ಕಚ್ಚಿದರೇ ನೋಯುವವನಿಗೆ ಏನು ಮಾಡಬೇಕೆಂದು ಅವರು ಹೇಳಿಲ್ಲ. ಎರಡು ನಿಮಿಷದ ಕೆಲಸ, ಹೋಗಿ ಹೇಳಬಹುದಿತ್ತಲ್ಲ ಅನ್ನಬೇಡಿ. ಹೇಳಲಾಗದ್ದಕ್ಕೆ ಕಾರಣವಿತ್ತು.

ಓದು ಮುಗಿಯುವ ವರ್ಷ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕ ಅವಳ ಕೆಲಸ ನೋಡಿ, "ಈ ಕೈ ಗಾರೆ ಕೆಲಸಕ್ಕೆ ಸರಿ" ಅಂದುಬಿಟ್ಟಿದ್ದ. ಹುಡುಗಿ ಮನೆಗೆ ಬಂದವಳೇ ಸಲಕರಣೆಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು. ಮೂರು ತಿಂಗಳು ಹಲ್ಲಿನ ಸುದ್ದಿ ಎತ್ತಲಿಲ್ಲ. ಅಪ್ಪನ ಕಾರ್ಖಾನೆಯಲ್ಲಿ ಕೂತು ಹಲಗೆ ಉಜ್ಜುತ್ತಿದ್ದಳು, ಯಾರಾದರೂ ಮಾತಾಡಿಸಿದರೆ ಇನ್ನೊಂದು ಹಲಗೆ ಎಳೆದುಕೊಳ್ಳುತ್ತಿದ್ದಳು. ಆ ಮೂರು ತಿಂಗಳು ಬಡಗಿ ಒಳಗೊಳಗೇ ಸತ್ತು ಬದುಕಿದ್ದ. ಹಾಗಾಗಿ ಕ್ಲಿನಿಕ್ಕು ತೆರೆಯುವ ಹಿಂದಿನ ದಿನ ಹೆಂಡತಿಯನ್ನೂ, ಹೆಂಡತಿಯ ತಮ್ಮನನ್ನೂ, ತನ್ನ ಅಕ್ಕನನ್ನೂ ಕೂರಿಸಿಕೊಂಡು ಕಟ್ಟಪ್ಪಣೆ ಮಾಡಿದ್ದ. "ಏನೇ ಆಗ್ಲಿ, ಹೇಗೇ ಇರ್ಲಿ, ಚೆನ್ನಾಗಿದೆ ಅನ್ನಿ. ಬೇರೆ ಮಾತು ಯಾರ ಬಾಯಿಂದ್ಲೂ ಬರಕೂಡದು. ನೆಂಟರಿಷ್ಟರಿಗೂ ಹೇಳಿಬಿಡಿ."

ಅವರು ಹೇಳಿದರು. ನೆಂಟರು ಒಬ್ಬೊಬ್ಬರಾಗಿ ಹುಳುಕು ಹಲ್ಲು ಹೊತ್ತು ಬಂದರು, ತುಂಬಿಸಿಕೊಂಡು ಚೆನ್ನಾಗಿದೆ ಅಂದು ಹೋದರು. ತಾನೇ ಹಾಕಿದ ಅಪ್ಪಣೆಯನ್ನು ತಾನೇ ಮುರಿಯುವುದು ಹೇಗೆ? ಬಡಗಿಗೆ ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಮಗಳು ದಿನಾ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ನೋವಿದ್ಯಾ ಅಪ್ಪಾ?"

"ನೋವಾ? ಹಾಗಂದ್ರೇನು?"

ಬರೀ ಮಾತಿಗೆ ಮಗಳು ನಂಬುವಳೋ ಇಲ್ಲವೋ ಅಂತ ಒಂದು ದಿನ ಅವಳ ಕಣ್ಣೆದುರಿಗೇ ಹುರಿದ ಕಡಲೆಯನ್ನು ಬಲಗಡೆಯಲ್ಲೇ ಕಟಕಟ ಅಗಿದು ತೋರಿಸಿದ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತ ಗಾದೆ. ಎರಡೂ ಇದ್ದು ಒದ್ದಾಡಿದವನು ಇವನೊಬ್ಬನೇ ಇರಬೇಕು. ಕಣ್ಣೀರು ಕೆನ್ನೆಗಿಳಿದಾಗ, "ಮರದ ಹೊಟ್ಟು ಬಿತ್ತು ಕಣ್ಣಿಗೆ" ಅಂದ. ಆ ದಿನ ಅವನು ಕಾರ್ಖಾನೆಗೇ ಹೋಗಿರಲಿಲ್ಲ. ಮಗಳು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಲು ಇಷ್ಟಪಡಲಿಲ್ಲ.

ಊಟಕ್ಕೆ ಕೂತರೆ ಅವನು ಎಡಗಡೆ ಅಗಿಯುತ್ತಿದ್ದ. ಎದುರು ಕೂತ ಹೆಂಡತಿ ಬಲಗಡೆ ಅಗಿಯುತ್ತಿದ್ದಳು. ಅವಳಿಗೂ ಮಗಳು ಎಡಗಡೆಯದೊಂದು ಹಲ್ಲು ತುಂಬಿಸಿದ್ದಳು. ಕನ್ನಡಿ ನೋಡಿಕೊಂಡಂತೆ ಇಬ್ಬರೂ ಎದುರುಬದುರು ಅಗಿಯುತ್ತ ಮೂರು ವಾರ ಊಟ ಮಾಡಿದರು. ತನ್ನ ನೋವು ಮುಚ್ಚಿಡುವ ಭರದಲ್ಲಿ ಎದುರಿನವರ ಕೆನ್ನೆಯ ಕಡೆ ಒಬ್ಬರೂ ನೋಡಲಿಲ್ಲ.

ರೋಗ ಏನು ಅಂತ ಬಡಗಿಗೆ ತಿಳಿಯದೆ ಇರಲಿಲ್ಲ. ಮೇಲಂಚಿನಲ್ಲಿ ಕೂದಲೆಳೆಯಷ್ಟು ಎತ್ತರ ಉಳಿದ ಬಾಗಿಲು ಪ್ರತಿ ಸಲ ಹಾಕಿದಾಗಲೂ ಅಲ್ಲೇ ಹೊಡೆಯುತ್ತದೆ, ಹೊಡೆತವನ್ನೆಲ್ಲ ಕೀಲು ತಿನ್ನುತ್ತದೆ. ಹಲ್ಲಿನದೂ ಅದೇ ಕಥೆ. ರೋಗ ತಿಳಿದ ಮೇಲೆ ಮದ್ದು ತನ್ನ ಕಾರ್ಖಾನೆಯಲ್ಲೇ ಇದೆಯಲ್ಲ ಅನ್ನಿಸಿತು. ಒಂದು ಬೆಳಿಗ್ಗೆ ಮರ ನಯಮಾಡುವ ಉಪ್ಪುಕಾಗದದಲ್ಲಿ ಅತಿ ನುಣುಪಿನದೊಂದು ತುಂಡು ಹರಿದು, ಬೆರಳಿಗೆ ಸುತ್ತಿಕೊಂಡು, ಕನ್ನಡಿಯೆದುರು ನಿಂತು ಹಲ್ಲು ಉಜ್ಜತೊಡಗಿದ. ಹೆಂಡತಿ ಬಂದು ಬೆನ್ನ ಹಿಂದೆ ನಿಂತಳು.

"ಏನ್ ಮಾಡ್ತಿದ್ದೀರಿ?"

"ಹಲ್ಲುಜ್ತಿದ್ದೀನಿ."

"ಮರ ಉಜ್ಜೋ ಕಾಗದದಲ್ಲಾ?"

"ಬ್ರಷ್ಷು ಹಳೇದಾಯ್ತು."

ಹೆಂಡತಿ ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡುತ್ತ ನಿಂತಿದ್ದು ಒಳಗೆ ಹೋದಳು. ಆ ನೋಟದಲ್ಲಿ ಗದರಿಕೆಗಿಂತ ಆಸೆಯೇ ಹೆಚ್ಚಿತ್ತು ಅಂತ ಅವನಿಗೆ ಹೊಳೆಯಲಿಲ್ಲ. ಸಂಜೆಯವರೆಗೆ ಉಜ್ಜಿದ್ದಕ್ಕೆ ನಾಲಿಗೆಯ ಅಂಚು ತರಚಿತು, ಹಲ್ಲು ಮಾತ್ರ ಜಗ್ಗಲಿಲ್ಲ. ಮಗಳು ಹಾಕಿದ್ದು ಅಷ್ಟು ಗಟ್ಟಿ. ಆ ನೋವಿನಲ್ಲೂ ಅವನಿಗೆ ಅದೊಂದು ಹೆಮ್ಮೆ.

ಅಷ್ಟರಲ್ಲಿ ನೆಂಟರ ಹಲ್ಲುಗಳು ಮುಗಿದವು. ನೆಂಟರಿಗೂ ಒಂದು ಮಿತಿ ಇರುತ್ತದೆ. ಕ್ಲಿನಿಕ್ಕಿನ ಬೆಂಚು ಖಾಲಿ ಬಿದ್ದಿತು. ಮಗಳು ಒಂದು ಸಂಜೆ ಅಪ್ಪನ ಪಕ್ಕ ಕೂತು ಹೇಳಿದಳು, "ತುಂಬಿಸಿಕೊಂಡೋರು ಒಬ್ಬರೂ ವಾಪಸ್ ಬರ್ಲಿಲ್ಲ ಅಪ್ಪಾ. ಅಂದ್ರೆ ನನ್ನ ಅಳತೆ ಸರಿಯಾಗಿದೆ ಅಂತ ತಾನೇ? ಇನ್ಮೇಲೂ ಹೀಗೇ ಮಾಡ್ತೀನಿ." ಬಡಗಿ ತಲೆಯಾಡಿಸಿದ. ಆದರೆ ಇವಳು ಹೀಗೇ ಮಾಡಿದರೆ ಬೆಂಚು ಹೀಗೇ ಖಾಲಿ ಇರುತ್ತದೆ. ಹೇಳಿದರೆ ಟ್ರಂಕಿಗೆ ಬೀಗ, ಹೇಳದಿದ್ದರೆ ಕ್ಲಿನಿಕ್ಕಿಗೆ ಬೀಗ. ಯಾವುದಾದರೂ ಒಂದಕ್ಕೆ ಕ್ಲಿನಿಕ್ಕು ಬಲಿಯಾಗುವುದು ಖಾತ್ರಿ.

ನಲವತ್ತೊಂದನೆಯ ದಿನ ತಡೆಯಲಾಗಲಿಲ್ಲ. ಊರಾಚೆ, ರೈಲು ಹಳಿಯ ಆ ಕಡೆ, ಒಬ್ಬ ಹಳೆಯ ದಂತವೈದ್ಯರಿದ್ದರು. ಪರಿಚಯದವರು ಯಾರೂ ಅಷ್ಟು ದೂರ ಹೋಗುವುದಿಲ್ಲ. ಕೀಲು ತರಬೇಕು ಅಂತ ಮನೆಯಲ್ಲಿ ಹೇಳಿ, ಕಿವಿ ಮುಚ್ಚುವಂತೆ ಮಫ್ಲರು ಸುತ್ತಿ, ಎರಡು ಬಸ್ಸು ಬದಲಾಯಿಸಿ, ಅಕ್ಕಪಕ್ಕ ನೋಡಿ ಒಳಗೆ ಹೆಜ್ಜೆ ಇಟ್ಟ.

ಕಾಯುವ ಕೋಣೆಯಲ್ಲಿ ಮೂರು ಜನ ಕೂತಿದ್ದರು. ಮೊದಲನೆಯವಳು, ತಂಗಿಯ ಮನೆಗೆ ಹೋಗಿಬರುತ್ತೇನೆಂದು ಹೇಳಿ ಹೊರಟಿದ್ದ ಅವನ ಹೆಂಡತಿ. ಪಕ್ಕದಲ್ಲಿ ಅವಳ ತಮ್ಮ. ಅವನು ದರ್ಜಿ. ದಾರವನ್ನು ಹಲ್ಲಿನಿಂದಲೇ ಕಡಿದು ಬೆಳೆದವನು, ಇತ್ತೀಚೆಗೆ ಯಾಕೋ ಕತ್ತರಿ ಹಿಡಿದಿದ್ದ. ಮೂಲೆಯಲ್ಲಿ ಬಡಗಿಯ ಅಕ್ಕ. ಮೂವತ್ತು ವರ್ಷ ಟೆಲಿಫೋನ್ ಆಫೀಸಿನಲ್ಲಿ ದುಡಿದು, ನಿವೃತ್ತಿಯಾದ ಮೇಲೂ ಮಾತಿಗೆ ರಜೆ ಕೊಡದವಳು, ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾಲ್ವರ ಕೈಗಳೂ ಒಟ್ಟಿಗೆ ಅವರವರ ಕೆನ್ನೆಗೆ ಹೋದವು.

"ನೀವು ಕೀಲು ತರೋಕೆ ಹೋಗಿದ್ದಲ್ವಾ?" ಎಂದಳು ಹೆಂಡತಿ.

"ನೀನು ತಂಗಿ ಮನೇಲಿದ್ದಲ್ವಾ?"

ದರ್ಜಿ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ. ಕೊನೆಗೆ ಅಕ್ಕನೇ ಬಾಯಿಬಿಟ್ಟಳು. "ನಾನಂತೂ ಯಾರಿಗೂ ಹೇಳಲ್ಲಪ್ಪ. ನೀನೇ ತಾನೇ ಹೇಳಿದ್ದು, ಚೆನ್ನಾಗಿದೆ ಅನ್ನಿ ಅಂತ." ಬಡಗಿ ಮಫ್ಲರು ಬಿಚ್ಚಿಕೊಂಡು ಕೂತ.

ಒಬ್ಬೊಬ್ಬರಾಗಿ ಒಳಗೆ ಹೋದರು. ಐದೈದು ನಿಮಿಷಕ್ಕೆ ಹೊರಗೆ ಬಂದರು. ಹೋಗುವಾಗ ಇದ್ದ ಮುಖವೇ ಬೇರೆ, ಬರುವಾಗಿನ ಮುಖವೇ ಬೇರೆ. ಹೆಂಡತಿ ಬಾಗಿಲ ಬಳಿಯ ತಣ್ಣೀರನ್ನು ಎರಡು ಲೋಟ ಕುಡಿದು, ಗಂಡನಿಗೆ ಕಾಯದೆ ಬಸ್ಸು ಹತ್ತಿದಳು.

ಕೊನೆಗೆ ಬಡಗಿಯ ಸರದಿ ಬಂತು. ಹಳೆಯ ಡಾಕ್ಟರು ಕನ್ನಡಿ ಹಿಡಿದು ಅವನ ಬಾಯೊಳಗೆ ಬಗ್ಗಿ ನೋಡಿದರು.

"ನೀವೂ ಅದ್ಯಾವುದೋ ದೂರದೂರಿನ ಡಾಕ್ಟರ ಹತ್ರಾನೇ ತುಂಬಿಸಿಕೊಂಡ್ರಾ? ನಿಮ್ಮ ಮುಂಚೆ ಬಂದ ಮೂವರೂ ಹಾಗೇ ಅಂದ್ರು. ಹೋದ ವಾರ ಐದು ಜನ ಬಂದಿದ್ರು, ಅವರಿಗೂ ಅಲ್ಲೇ ತುಂಬಿಸಿದ್ದಂತೆ. ಎಲ್ಲಾ ಒಂದೇ ಕೈ."

"ಕೈ ಹೇಗಿದೆ ಡಾಕ್ಟ್ರೇ?" ಎಂದ ಬಡಗಿ. ನೆಂಟರು ಕಟ್ಟಿದ ಆ ದೂರದೂರಿನ ಕಥೆಯನ್ನು ಅವನು ತಿದ್ದಲು ಹೋಗಲಿಲ್ಲ.

"ಒಳ್ಳೆ ಕೈ ರೀ. ಇಷ್ಟು ಅಚ್ಚುಕಟ್ಟು ಕೆಲಸ ನೋಡಿ ಎಷ್ಟೋ ದಿನ ಆಗಿತ್ತು. ಸ್ವಲ್ಪ ಎತ್ತರ ಬಿಡ್ತಾರೆ, ಅಷ್ಟೇ. ಅದೂ ತಪ್ಪಲ್ಲ. ಎತ್ತರ ಇದ್ರೆ ಇಳಿಸಬಹುದು, ತಗ್ಗಾದ್ರೆ ಕಷ್ಟ. ಆದ್ರೆ ತಾಗ್ತಿದೆ ಅಂತ ರೋಗಿ ಬಂದು ಹೇಳಬೇಕಲ್ಲ. ನಾಲ್ಕು ಜನ ಹೇಳಿದ್ರೆ ಐದನೆಯವರಿಗೆ ಕೈ ತಾನಾಗೇ ಸರಿಹೋಗುತ್ತೆ. ಪಾಪ, ಆ ಡಾಕ್ಟರಿಗೆ ಒಬ್ಬರೂ ಹೇಳಿದ ಹಾಗೆ ಕಾಣಲ್ಲ. ಅವರಿಗೆ ಊರಲ್ಲಿ ಶತ್ರುಗಳು ಜಾಸ್ತೀನಾ?"

"ಇಲ್ಲ. ಬರೀ ನೆಂಟರು" ಎಂದ ಬಡಗಿ.

ಡಾಕ್ಟರು ಉಜ್ಜುವ ಯಂತ್ರ ಎತ್ತಿಕೊಂಡರು. ಬಡಗಿ ಬಾಯಿ ಮುಚ್ಚಿದ. ಎರಡು ನಿಮಿಷ ತೆರೆದಿದ್ದರೆ ನೋವು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಒಬ್ಬ ಬಡಗಿ ಕೂರಿಸಿದ ಬಾಗಿಲನ್ನು ಅವನಿಗೆ ಹೇಳದೆ ಇನ್ನೊಬ್ಬ ಕೀಸಬಾರದು. ಹೆಂಡತಿಯೂ ಅಕ್ಕನೂ ದರ್ಜಿಯೂ ಬಡಗಿಗಳಲ್ಲ, ಅವರಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

"ಬೇಡ ಡಾಕ್ಟ್ರೇ. ಇದು ಹೀಗೇ ಇರಲಿ. ಮಾಡಿದೋರ ಹತ್ರಾನೇ ವಾಪಸ್ ತಗೊಂಡು ಹೋಗ್ತೀನಿ."

ಮಧ್ಯಾಹ್ನ ಮಗಳ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ. ಮಗಳು ಖಾಲಿ ಕುರ್ಚಿ ಒರೆಸುತ್ತಿದ್ದಳು. ಬಡಗಿ ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತಾಡದೆ, "ನೋವಿದೆ ಮಗಳೇ. ಮೊದಲ ದಿನದಿಂದ ಇದೆ" ಅಂದುಬಿಟ್ಟ.

ಅವಳು ಒರೆಸುವ ಬಟ್ಟೆ ಬದಿಗಿಟ್ಟಳು. ಕುರ್ಚಿ ತೋರಿಸಿದಳು. ಸೂಜಿ ಹಾಕಲಿಲ್ಲ. ನೀಲಿ ಕಾಗದ ಇಟ್ಟು, "ಕಚ್ಚು. ನನ್ನ ಮುಖ ನೋಡ್ಬೇಡ, ಕಚ್ಚು" ಅಂದಳು. ಅವನು ನಲವತ್ತೊಂದು ದಿನದ ಸಿಟ್ಟನ್ನೆಲ್ಲ ಸೇರಿಸಿ ಕಚ್ಚಿದ. ಹಲ್ಲಿನ ನೆತ್ತಿಯಲ್ಲಿ ಕಡುನೀಲಿಯ ಒಂದು ಚುಕ್ಕಿ ಬಿದ್ದಿತ್ತು. ಅವಳು ಅದರ ಮೇಲೆ ಯಂತ್ರ ಆಡಿಸಿದಳು. ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಬಾಯಿ ಮುಚ್ಚಿದರೆ ಮೇಲಿನ ದವಡೆ ಕೆಳಗಿನ ದವಡೆಯ ಮೇಲೆ, ಒಳ್ಳೆ ಬಾಗಿಲು ಚೌಕಟ್ಟಿನಲ್ಲಿ ಕೂತಂತೆ ಕೂತಿತು. ಬಡಗಿಗೆ ಅಳು ಬರುವುದೊಂದು ಬಾಕಿ.

ಮಗಳ ಮುಖ ಚಿಕ್ಕದಾಗಿತ್ತು. "ಹಾಗಾದ್ರೆ ಬೇರೆಯವರಿಗೂ ಹೀಗೇ ಆಗಿರಬೇಕು" ಎಂದು ಫೋನು ಎತ್ತಿಕೊಂಡಳು. ಮೊದಲು ಅಮ್ಮನಿಗೆ. "ನೋವಾ? ಒಂದು ಚೂರೂ ಇಲ್ಲ ಕಣೇ. ಬೇಕಾದ್ರೆ ಆಣೆ ಮಾಡ್ತೀನಿ. ಈಗ ತಾನೇ ತಣ್ಣೀರು ಕುಡಿದೆ." ಆಮೇಲೆ ಮಾವನಿಗೆ. "ಎಲ್ಲಿಯ ನೋವು? ಈಗ್ಲೂ ಹಲ್ಲಲ್ಲೇ ದಾರ ಕಡಿದೆ." ಆಮೇಲೆ ಅತ್ತೆಗೆ. ಅತ್ತೆ ಕಾಲು ಗಂಟೆ ಮಾತಾಡಿದಳು, ಅಷ್ಟರಲ್ಲಿ ನೋವು ಅನ್ನುವ ಪದ ಒಂದು ಸಲವೂ ಬರಲಿಲ್ಲ. ಆರು ವಾರದಲ್ಲಿ ಮೊದಲ ಸಲ ಆ ಮನೆಯವರೆಲ್ಲ ಒಟ್ಟಿಗೆ ನಿಜ ಹೇಳಿದ್ದರು. ಅಷ್ಟು ದೊಡ್ಡ ಸುಳ್ಳನ್ನು ಅವರು ಅಲ್ಲಿಯವರೆಗೆ ಹೇಳಿರಲಿಲ್ಲ.

ಫೋನು ಇಟ್ಟಾಗ ಮಗಳ ಮುಖ ಮತ್ತೆ ಹಗುರಾಗಿತ್ತು. "ಯಾರಿಗೂ ಏನಿಲ್ಲ. ನಿನ್ನ ದವಡೇನೇ ಸ್ವಲ್ಪ ಓರೆ ಅಪ್ಪಾ" ಎಂದು ಅವನ ಕಾರ್ಡಿನಲ್ಲಿ ಹಾಗೇ ಬರೆದಳು.

ಬಡಗಿ ಎದ್ದು ಹೋಗಬಹುದಿತ್ತು. ಅವನ ನೋವು ಹೋಗಿತ್ತು, ಹೆಂಡತಿಯದು ಹೋಗಿತ್ತು, ಮಗಳು ನಗುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಇವನ ಮುದ್ದೋ ಹೆಗ್ಗಣವೂ ಅಲ್ಲ, ಒಳ್ಳೆ ಡಾಕ್ಟರು. ಸುಮ್ಮನಿದ್ದರೆ ಸಂಜೆ ಎಲ್ಲರೂ ಎರಡೂ ಕಡೆ ಅಗಿದು ಊಟ ಮಾಡಬಹುದು. ಅವನು ಮಫ್ಲರು ಕೈಗೆತ್ತಿಕೊಂಡದ್ದೂ ಹೌದು.

ಆಗ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ಬಸ್ಸಿನ ಕಂಡಕ್ಟರು, ಸಮವಸ್ತ್ರದಲ್ಲೇ ಇದ್ದಳು, ಹೆಗಲಲ್ಲಿ ಚರ್ಮದ ಚೀಲ. ಕೆಳಗೆ ಬೋರ್ಡು ನೋಡಿ ಬಂದೆ, ಹಲ್ಲು ತುಂಬಿಸಬೇಕು ಅಂದಳು. ನೆಂಟಳಲ್ಲ, ಪರಿಚಯದವಳೂ ಅಲ್ಲ. ಕ್ಲಿನಿಕ್ಕಿಗೆ ತಾನಾಗಿ ಬಂದ ಮೊದಲ ಬಾಯಿ ಅದು. ಮಗಳು ಸಂಭ್ರಮದಿಂದ ಕೈಗವಸು ತೆಗೆದುಕೊಂಡಳು, ಎತ್ತರ ಬಿಡುವ ಅದೇ ಕೈಗೆ ಹಾಕಿಕೊಳ್ಳಲು.

ಬಡಗಿ ಮಗಳನ್ನು ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ. "ಫೋನಲ್ಲಿ ಅವರು ಹೇಳಿದ್ದು ನಿಜ. ಈಗ ನೋವಿಲ್ಲ. ಬೆಳಿಗ್ಗೆ ಇತ್ತು" ಎಂದು ಶುರು ಮಾಡಿ, ಹಳಿಯಾಚೆಯ ಡಾಕ್ಟರು, ಕಾಯುವ ಕೋಣೆ, ಹೋದ ವಾರದ ಐವರು, ತಾನು ಹಾಕಿದ ಅಪ್ಪಣೆ ಎಲ್ಲ ಹೇಳಿದ. ಏನನ್ನೂ ಬಿಡಲಿಲ್ಲ.

ಮಗಳು ಒಂದು ಕೈಗವಸು ಹಾಕಿಕೊಂಡು, ಇನ್ನೊಂದನ್ನು ಹಿಡಿದುಕೊಂಡು ನಿಂತಿದ್ದಳು. ಅಪ್ಪನ ಮಾತು ಮುಗಿದ ಮೇಲೆ ಕೇಳಿದಳು.

"ನಿಮಗೆಲ್ಲ ನನ್ನ ಕಂಡ್ರೆ ಅಷ್ಟು ಭಯಾನಾ ಅಪ್ಪಾ?"

ಬಡಗಿಗೆ ನಲವತ್ತೊಂದು ದಿನದ ಹಲ್ಲುನೋವೆಲ್ಲ ಸೇರಿದರೂ ಈ ಒಂದು ಮಾತಿನಷ್ಟು ನೋವಾಗಿರಲಿಲ್ಲ. "ಆ ಪರೀಕ್ಷಕ ಹಾಗಂದಾಗ ನೀನು ಮೂರು ತಿಂಗಳು..." ಅಂದ.

"ಅತ್ತಿದ್ದು ನಿಜ. ಟ್ರಂಕಿಗೆ ಬೀಗ ಹಾಕಿದ್ದೂ ನಿಜ. ಆದ್ರೆ ಮೂರು ತಿಂಗಳು ನಿನ್ನ ಹಲಗೆ ಯಾಕೆ ಉಜ್ಜಿದೆ ಅನ್ಕೊಂಡಿದ್ದೀಯ? ಕೈ ತಿದ್ದಿಕೊಳ್ತಾ ಇದ್ದೆ. ಅವನು ಹೇಳಿದ್ದಕ್ಕೇ ಕೈ ಸರಿಹೋಯ್ತು. ನೀವು ಯಾರಾದ್ರೂ ಒಬ್ಬರು ಹೇಳಿದ್ರೆ..." ಅವಳು ಮುಂದೆ ಹೇಳದೆ ಕಣ್ಣು ತೋಳಿಗೆ ಒರೆಸಿಕೊಂಡಳು. ಎರಡನೆಯ ಕೈಗವಸು ಹಾಕಿಕೊಂಡು ಕಂಡಕ್ಟರನ್ನು ಒಳಗೆ ಕರೆದಳು.

ಬಡಗಿ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಕಂಡಕ್ಟರ ಹಲ್ಲಿನದು ಚಿಕ್ಕ ತೂತು, ಸೂಜಿ ಬೇಕಾಗಲಿಲ್ಲ. ಅರ್ಧ ಗಂಟೆಯಾದ ಮೇಲೆ ಒಳಗಿನ ಮಾತು ಕೇಳಿಸಿತು.

"ಕಚ್ಚಿ. ಇನ್ನೂ ಗಟ್ಟಿಯಾಗಿ. ಟಿಕೆಟ್ ಇಲ್ದೆ ಯಾರೋ ಬಸ್ ಹತ್ತಿದ್ದಾರೆ ಅಂದ್ಕೊಂಡು ಕಚ್ಚಿ."

"ಇಲ್ಲಿ ತಾಗ್ತಿದೆ."

ಯಂತ್ರದ ಸದ್ದು. "ಈಗ?"

"ಇನ್ನೂ ತಾಗ್ತಿದೆ ಡಾಕ್ಟ್ರೇ."

ಮತ್ತೆ ಸದ್ದು. "ಈಗ?"

"ಕಮ್ಮಿಯಾಗಿದೆ. ಹೋಗಿಲ್ಲ."

ಬಡಗಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಎದ್ದು ಒಳಗೆ ಹೋಗಿ, ಸಾಕು ತಾಯಿ, ಚೆನ್ನಾಗಿದೆ ಅನ್ನಿ ಅಂತ ಆ ಹೆಂಗಸಿಗೆ ಕೈಮುಗಿಯಬೇಕು ಅನ್ನಿಸಿತು. ಐದನೆಯ ಸಲಕ್ಕೆ ಒಳಗೆ ಮಾತು ನಿಂತಿತು. ಕಂಡಕ್ಟರು ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದಳು, ಹಿಂದೆಯೇ ಮಗಳು.

"ಹೇಗಿದೆ?" ಎಂದು ಮಗಳು ಕೇಳಿದಳು.

ಹೆಂಗಸು ನಾಲಿಗೆ ಆಡಿಸಿ ನೋಡಿದಳು. ಎರಡು ಸಲ ಹಲ್ಲು ಕಟಕಟ ಅನ್ನಿಸಿದಳು. "ಪರವಾಗಿಲ್ಲ. ಆದ್ರೆ ನಾಳೆ ನೋವಾದ್ರೆ ಬಂದು ಜಗಳ ಆಡ್ತೀನಿ, ಹೇಳಿರ್ತೀನಿ."

"ಬನ್ನಿ" ಎಂದಳು ಮಗಳು.

ನಲವತ್ತೊಂದು ದಿನ ದಿನಾ ಸಂಜೆ ಬಹಳ ಚೆನ್ನಾಗಿದೆ ಅಂತ ಹೇಳಿಯೂ ಅವನು ಆ ಮುಖದಲ್ಲಿ ಇಂಥ ನಗು ಕಂಡಿರಲಿಲ್ಲ.